ಐದನೆಯ ಕಾಲಂ

ಬೆಟಗೇರಿಯ ಅಂಬಾಸಾ ಖಟವಟೆ, ಹಾಕಿ, ರೈಟ್ ವಿಂಗ್.
ಬಿ.ಎ. ಮೊದಲ ವರ್ಷ: ಆಟ ನಾಲ್ಕು, ಗೋಲು ಸೊನ್ನೆ.
ಎರಡನೆಯ ವರ್ಷ: ಹನ್ನೊಂದು, ಮೂರು.
ಮೂರನೆಯದು... ತಡೀರಿ, ಅಲ್ಲಿಗೇ ಬರ್ತೀನಿ.

ಸ್ಕೋರು ಬರೆಯಾಂವ ನಾನು. ಓಡಲಿಕ್ಕೆ ಬಾರದ ಕಾಲು,
ಅಕ್ಷರ ಮಾತ್ರ ದುಂಡಗೆ.
ಅಚ್ಚಾದ ವಹಿಯಲ್ಲಿ ನಾಲ್ಕೇ ಕಾಲಂ.
ಎಲ್ಲೋ ಎಡತುದಿಯಿಂದ ಸಿಡಿದು ಬಂದ ಚೆಂಡು
ಅವನ ಕೋಲಿಗೆ ತಾಗಿ ಸುಮ್ಮನಾಗುತ್ತಿತ್ತಲ್ಲ,
ಅವರಪ್ಪನ ಮಗ್ಗದಲ್ಲಿ ಲಾಳಿ ದಡ ಸೇರಿದ ಹಾಗೆ,
ಅದಕ್ಕೊಂದು ಮನೆಯೇ ಇರಲಿಲ್ಲ.
ಪಟ್ಟಿ ಇಟ್ಟು ಐದನೆಯದು ಎಳೆದೆ: ಹಿಡಿದದ್ದು.

"ಬಿಟ್ಟದ್ದು?" ಅಂದ,
ಮಂಡಿಯ ಗರಸು ಉಜ್ಜಿಕೊಳ್ಳುತ್ತ.
"ಅದನ್ನೂ ಬರಿಯೋ."
ಆಮೇಲೆ ಪ್ರತಿ ಆಟದ ಸಂಜೆ
ಮಿರ್ಚಿ ಪೊಟ್ಟಣ ನನ್ನ ಕೈಗಿಟ್ಟು
ತನ್ನ ತಪ್ಪು ತಾನೇ ಎಣಿಸಿ ಹೋಗುತ್ತಿದ್ದ.

ಮೂರನೆಯ ವರ್ಷ, ಧಾರವಾಡ, ಫೈನಲ್ಲು.
ಹಿಡಿದದ್ದು ಇಪ್ಪತ್ತೆರಡು, ಗೋಲು ಒಂದು.
ಒಂದೇ, ಆದರೆ ಗೆಲುವಿನದು.
ಯುನಿವರ್ಸಿಟಿ ತಂಡ ಆರಿಸುವ ಸಾಹೇಬರು
ನನ್ನ ಬೆನ್ನಹಿಂದೆ ನಿಂತು ವಹಿ ಇಣುಕುತ್ತಿದ್ದರು.
ಓಡಿ ಬಂದ ಅಂಬಾಸಾ, ಉಸಿರು ಸಿಗದೆ:
"ನಂದಲ್ಲಪಾ ಅದು. ನಾ ಮುಟ್ಟೇ ಇಲ್ಲ.
ಮಕ್ತುಮ ಹೊಡದದ್ದು ಸೀದಾ ಹೋತು.
ನಂದು ಬಿಟ್ಟದ್ದರಾಗ ಹಾಕು."

ಕೆಂಪು ಶಾಯಿ ಇರಲಿಲ್ಲ, ನೀಲಿಯಲ್ಲೇ ಗೀಟು ಹೊಡೆದೆ.
ಸಾಹೇಬರು ಮಕ್ತುಮನ ಹೆಸರು ಕೇಳಿ ಬರಕೊಂಡರು.
ಐದನೆಯ ಕಾಲಂ ಯಾತಕ್ಕೆಂದು ಕೇಳಲಿಲ್ಲ.

ಮೂರನೆಯ ವರ್ಷ: ಆಟ ಹದಿನಾಲ್ಕು.
ಗೀಟಿನ ಕೆಳಗೆ ಏಳು ಇನ್ನೂ ಕಾಣ್ತದ,
ಏಳಂತ ಓದಬ್ಯಾಡ್ರಿ.
ಗೋಲು ಆರು.