ಲೆಕ್ಕಕ್ಕುಂಟು, ಹೊಲಕ್ಕಿಲ್ಲ

ಅಕ್ಟೋಬರ್ ಬಂತೆಂದರೆ ನನ್ನ ಕೌಂಟರಿನ ಮುಂದೆ
ಬೂಟುಗಳ ಸಾಲು. ಕಾರ್ಪೆಟ್ಟಿನ ಮೇಲೆ ಜೋಳದ ದೂಳು.
ಪಶ್ಚಿಮ ಕ್ಯಾನ್ಸಸ್ಸಿನ ಈ ಮಾರ್ಲೋ ಕೌಂಟಿಯಲ್ಲಿ,
ಅಂಚೆ ಕಚೇರಿಗೂ ಟೈರಿನ ಅಂಗಡಿಗೂ ನಡುವೆ,
ಇಪ್ಪತ್ತಾರು ವರ್ಷ ಇದೇ ಕುರ್ಚಿಯಲ್ಲಿ ಕೂತಿದ್ದೇನೆ.

ಯಾರ ಮನೆಗೆ ಎಷ್ಟು ಹೋಗುತ್ತದೆಂದು ನನಗೆ ಗೊತ್ತು.
ನನಗೆ ಗೊತ್ತೆಂಬುದು ಅವರಿಗೂ ಗೊತ್ತು.
ಹಾಗಾಗಿ ಚರ್ಚಿನಲ್ಲಿ ನನ್ನ ಬೆಂಚಿನ ಮೇಲೆ
ಒಬ್ಬರು ಕೂರುವಷ್ಟು ಜಾಗ
ಯಾವಾಗಲೂ ಖಾಲಿ.

ಲ್ಯಾವರ್ನ್ ಡ್ರೈಲಿಂಗ್ ಬೆಳಿಗ್ಗೆ ಆರಕ್ಕೆ ಕಾಫಿ ಅಂಗಡಿಯಲ್ಲಿ
ಸರ್ಕಾರದ ಬಿಟ್ಟಿ ಕೂಳು ತಿನ್ನುವವರ ಜನ್ಮ ಜಾಲಾಡುತ್ತಾನೆ.
ಒಂಬತ್ತಕ್ಕೆ ನನ್ನ ಮುಂದೆ ಟೋಪಿ ತೆಗೆದು
ಪೆನ್ನು ಕೇಳುತ್ತಾನೆ.
ಕೊಡುತ್ತೇನೆ.
ಪೆನ್ನಿಗೆ ದಾರ ಕಟ್ಟಿದೆ. ಅದೂ ಸರ್ಕಾರದ್ದೇ.

ಮಳೆ ಕೈಕೊಟ್ಟರೆ ಒಂದು ಫಾರಂ,
ಬೆಲೆ ಕೈಕೊಟ್ಟರೆ ಇನ್ನೊಂದು.
ಎರಡೂ ಕೈಹಿಡಿದ ವರ್ಷಕ್ಕೂ
ಎಲ್ಲೋ ಒಂದಿರುತ್ತದೆ, ಹುಡುಕಬೇಕು.
ಎಲ್ಲಕ್ಕಿಂತ ದೊಡ್ಡ ಮೊತ್ತ ಹೋಗುವುದು
ಡೆನ್ವರಿನ ಯಾವುದೋ ಹದಿನಾಲ್ಕನೇ ಮಹಡಿಗೆ.
ಆ ಬೂಟುಗಳನ್ನು ನಾನು ಈವರೆಗೆ ಕಂಡಿಲ್ಲ.

ಮಂಗಳವಾರ ಒಡೀಲಿಯಾ ಫೈಫರ್ ಬಂದಳು,
ಎಂಬತ್ತರ ಹತ್ತಿರ, ಕೈಯಲ್ಲಿ ಒಂದು ಚೆಕ್ಕು.
ಸರ್ಕಾರ ಅವಳಿಗೆ ಬರೆದದ್ದಲ್ಲ,
ಅವಳು ಸರ್ಕಾರಕ್ಕೆ ಬರೆದದ್ದು.
ಸಾವಿರದ ನೂರಾ ನಲವತ್ತಾರು ಡಾಲರು.

"ಜೋಳದ ಬೆಲೆ ಬಿತ್ತಂತೆ, ನಮಗೆ ನಷ್ಟವಂತೆ.
ಆ ನಲವತ್ತೆಕರೆಗೆ ಜೋಳ ಬಿತ್ತಿ
ಮೂವತ್ತು ವರ್ಷವಾಯ್ತು ಮಾರಾಯ್ತಿ.
ಬಿತ್ತದ ಜೋಳ ಬಿದ್ದರೆ
ಏಟು ಯಾರಿಗೆ?"

ವಿವರಿಸಿದೆ. ಹಳೆಯ ದಾಖಲೆ, ಮೂಲ ಎಕರೆ,
ಅಂದು ಬಿತ್ತಿದ್ದೇ ಇಂದಿಗೂ ಆಧಾರ.
ನಾನು ಹೇಳುತ್ತಿದ್ದದ್ದು ನನಗೇ ಕೇಳಿಸಿತು:
ನೆಲದಲ್ಲಿ ಹುಲ್ಲು, ಕಾಗದದಲ್ಲಿ ತೆನೆ,
ಲೆಕ್ಕಕ್ಕುಂಟು, ಹೊಲಕ್ಕಿಲ್ಲ.

ರಾಜ್ಯ ಕಚೇರಿಗೆ ಫೋನು ಮಾಡಿದೆ.
ಇಪ್ಪತ್ತು ನಿಮಿಷ ಪಿಟೀಲು ಬಾರಿಸಿದರು.
ಆಮೇಲೆ ಒಬ್ಬ ಹುಡುಗ, ಸಭ್ಯ ದನಿ:
"ತಪ್ಪಾಗಿದ್ದರೆ ವಾಪಸ್ಸು ತಗೋಬಹುದು.
ಇಲ್ಲಿ ತಪ್ಪೇನೂ ಆಗಿಲ್ಲವಲ್ಲ."

ಅದನ್ನೇ ಅವಳಿಗೆ ಹೇಳಿದೆ.
"ಹಾಗಾದರೆ ತಪ್ಪಾಗಿಲ್ಲ ಅಂತ
ಬರೆದುಕೊಡು," ಅಂದಳು.
"ನಾಳೆ ಮೇಲೆ ಆಲೋಯ್ಸ್ ಸಿಕ್ಕಿದರೆ
ತೋರಿಸಬೇಕಲ್ಲ. ಅವನು ಒಂದು ಮೊಳೆ ಸಾಲ ತಂದರೂ
ತಿರುಗಿ ಕೊಟ್ಟವನು."

ಬರೆದುಕೊಡಲು ನನಗೆ ಅಧಿಕಾರವಿಲ್ಲ.
ಸುಮ್ಮನೆ ನಕ್ಷೆ ತಿರುಗಿಸಿ ಅವಳ ಮುಂದಿಟ್ಟೆ,
ವಿಮಾನದಿಂದ ತೆಗೆದದ್ದು, ಅವಳದೇ ನೆಲ,
ಕಂದು ಬಣ್ಣದ ಒಂದು ಚೌಕ.

ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ಬಗ್ಗಿ ನೋಡಿದಳು.
ಸರ್ಕಾರದ ಪೆನ್ನು ಎಳೆದುಕೊಂಡಳು, ದಾರ ಬಿಗಿಯಾಯಿತು.
ಹೊಲದ ಮೂಲೆಗೊಂದು ಚುಕ್ಕೆ ಇಟ್ಟು
ಪಕ್ಕದಲ್ಲಿ ಬರೆದಳು, ಶಾಲೆಯ ಹುಡುಗಿಯ ಅಕ್ಷರದಲ್ಲಿ:
ಬಿಲದ ಗೂಬೆ. ಈ ಬೇಸಿಗೆ ಏಳು.

ಚೆಕ್ಕನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡು ಹೋದಳು.
ಹರಿದಳೋ, ಚರ್ಚಿನ ಪೆಟ್ಟಿಗೆಗೆ ಹಾಕಿದಳೋ,
ಚಳಿಗಾಲದ ಗ್ಯಾಸಿಗೆ ಆಯಿತೋ,
ಅದು ಮಾತ್ರ ನನಗೆ ಗೊತ್ತಿಲ್ಲ.

ನಕ್ಷೆಯ ಮೇಲೆ ಗೀಚಿದ್ದನ್ನು ಅಳಿಸಬೇಕೆಂದು ನಿಯಮ.
ರಬ್ಬರು ಡ್ರಾಯರಿನಲ್ಲೇ ಇತ್ತು.

ಮುಂದಿನವರು, ಎಂದೆ.
ಯಾರೋ ಟೋಪಿ ತೆಗೆದರು.