ಕೈಗಳಿಲ್ಲದ ಹೆಂಗಸು

ಗಾಜಿನ ಪ್ಲೇಟು, ನಂಬರು ನೂರ ಹನ್ನೆರಡು.
ಒಂದು ಮೂಲೆ ಮುಕ್ಕು. ಅಂಚಿಗೆ ಬೂಸ್ಟು,
ಈ ಊರಿನ ಉಪ್ಪುಗಾಳಿ ಯಾರನ್ನು ಬಿಟ್ಟಿದೆ.
ಗವಸು ತೊಟ್ಟು ಕಿಟಕಿಗೆ ಹಿಡಿದೆ:
ದೊರೆಯ ಬಿಳಿ ಕೋಟು ಇದ್ದಿಲು,
ಬಿಸಿಲಿಗೆ ಸುಟ್ಟ ತೋಳುಗಳೆಲ್ಲ ಬೆಳದಿಂಗಳು.
ಗಾಜಿನಲ್ಲಷ್ಟೇ. ಕಾಗದಕ್ಕೆ ಇಳಿದರೆ
ಮತ್ತೆ ಅವರವರ ಬಣ್ಣ ಅವರವರಿಗೆ.

ಹೊಯ್ಗೆಬಜಾರಿನ ಕಾಫಿ ಗೋದಾಮಿನ ಅಂಗಳ.
ಘಟ್ಟದ ತೋಟದಿಂದ ಎತ್ತಿನ ಗಾಡಿಯಲ್ಲಿ ಇಳಿದ ಬೀಜ
ಹಡಗು ಹತ್ತುವ ಮೊದಲು
ಇವರ ಬೆರಳಸಂದಿ ದಾಟಬೇಕು:
ಕರಿದು, ಮುರಿದದ್ದು, ಹುಳ ತಿಂದದ್ದು ಆಚೆಗೆ.
ಮೂವತ್ತೆಂಟು ಹೆಂಗಸರು, ಎರಡು ಸಲ ಎಣಿಸಿದ್ದೇನೆ,
ಮೂವತ್ತೆಂಟು ತಡ್ಪೆ.
ತೂಗಿ ಕೂಲಿ. ರಾತಲಿಗೆ ಇಷ್ಟು ಕಾಸು.

ಕರಿಬಟ್ಟೆಯೊಳಗಿಂದ ‘ಅಲುಗಬೇಡಿ’ ಎಂದಿರಬೇಕು ಒಂದು ಗಂಟಲು.
ಮೇಸ್ತ್ರಿ ಅದನ್ನು ತುಳುವಿಗೆ ತಿರುಗಿಸಿ
ತನ್ನ ಕೈಯಿಂದ ಒಂದು ಬೈಗುಳ ಸೇರಿಸಿರಬೇಕು.
ಮೂವತ್ತೇಳು ಜನ ಉಸಿರು ಕಟ್ಟಿ ಕೂತರು,
ರೆಪ್ಪೆ ಕೂಡ ಕಲ್ಲು.
ಎರಡನೇ ಸಾಲಿನ ಕಂಬದ ಬದಿಯವಳಿಗೆ ಮಾತ್ರ
ಮುಖ ಉಂಟು, ಮೂಗುತಿ ಉಂಟು,
ಕೈಗಳಿಲ್ಲ.
ಮೊಣಕೈಯಿಂದ ಕೆಳಗೆ ಬರೀ ಹೊಗೆ.

ಸಿಕ್ವೇರಾ ಮಾಸ್ಟ್ರ ಹಳೆಯ ಪಟ್ಟಿಯಲ್ಲಿ
ಇದಕ್ಕೆ ಎರಡೇ ಸಾಲು:
ಕೂಲಿಯಾಳುಗಳು, ಮಂಗಳೂರು.
ಪ್ಲೇಟು ದೋಷಯುಕ್ತ.

ನನ್ನಮ್ಮ ವಾರಿಜ ಬೀಡಿ ಕಟ್ಟಿದವಳು.
ನೆಂಟರೊಡನೆ ಮಾತಾಡುತ್ತ ಕಟ್ಟುವಳು,
ನನ್ನ ಮಗ್ಗಿ ತಪ್ಪಿದಾಗ ತಲೆಯೆತ್ತದೆ ತಿದ್ದುತ್ತ ಕಟ್ಟುವಳು.
ಅಕ್ಕನ ಮದುವೆಯಲ್ಲಿ ಫೋಟೋದವನು
‘ಅಮ್ಮಾ, ಕೈ ಸುಮ್ಮನೆ ಇಡಿ’ ಎಂದಾಗ
ಕೈಯನ್ನು ಎಲ್ಲಿ ಇಡುವುದೆಂದೇ ಗೊತ್ತಾಗದೆ
ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತ ನಿಂತಳು.
ಜ್ವರದಲ್ಲಿ ಮಲಗಿದಾಗಲೂ ಎದೆಯ ಮೇಲೆ
ಬೆರಳು ಇಲ್ಲದ ಎಲೆಯನ್ನು ಮಡಚುತ್ತಿತ್ತು.
ಸಾವಿರಕ್ಕಿಷ್ಟು ಎಂದು ಲೆಕ್ಕ ಇರುವವರಿಗೆ
ಮೂರು ಸೆಕೆಂಡೂ ದುಡ್ಡೇ.

ಕಂಬದ ಬದಿಯವಳೇ,
ನೀನು ದೊರೆಗೆ ಎದುರು ನಿಂತೆ ಎಂದು ಬರೆಯಲಾರೆ.
ಸೊಳ್ಳೆ ಓಡಿಸಿದ್ದೂ ಇರಬಹುದು.
ಮುಖವನ್ನು ಅವನಿಗೆ ಕೊಟ್ಟೆ, ಕೈ ಕೊಡಲಿಲ್ಲ;
ನನಗೆ ಕಾಣುವುದು ಇಷ್ಟೇ.

‘ದೋಷಯುಕ್ತ’ಕ್ಕೆ ಗೆರೆ ಎಳೆದು
ಪಕ್ಕದಲ್ಲಿ ಬರೆದೆ: ಕೆಲಸದಲ್ಲಿದ್ದಾಳೆ.
ಮೇಲಿನವರು ಕೇಳಿದರೆ ಅಳಿಸಬಹುದು,
ಪೆನ್ಸಿಲು ತಾನೆ.

ಸಂಜೆ ಬಸ್ಸಿನ ಕಂಬಿ ಹಿಡಿದಾಗ
ಗವಸು ಇನ್ನೂ ಕೈಯಲ್ಲೇ ಇತ್ತು.