ತುಪ್ಪ ತಿಂದ ಗಾಳಿ

ಗುರುವೇ, ಇದು ಚಿಕ್ಕ ಪಾಪ ಅಂದುಕೊಂಡಿದ್ದೆ,
ಅದಕ್ಕೇ ಇಷ್ಟು ವರ್ಷ ಹೇಳಲಿಲ್ಲ.

ಲಾಸ್ತಾ ಬೆಟ್ಟದ ಹೊಟ್ಟೆಯೊಳಗಿನ ನಮ್ಮ ಇಗರ್ಜಿ
ನಿಮಗೆ ಗೊತ್ತೇ ಇದೆ: ಕಟ್ಟಿದ್ದಲ್ಲ,
ಬಂಡೆಯನ್ನು ಕಳೆಯುತ್ತ ಕಳೆಯುತ್ತ ಉಳಿಸಿಕೊಂಡದ್ದು.
ಯಾತ್ರಿಕರಿಗೆ ಒಂದೇ ದಾರಿ, ಸುರಂಗ.
ಅದರೊಳಗೆ ದೀಪ ಒಯ್ಯಬಾರದು.
ಹುಡುಗರು ಅದಕ್ಕೆ ನರಕ ಅನ್ನುತ್ತಾರೆ, ನಗುತ್ತ;
ನಾಲ್ಕು ಹೆಜ್ಜೆಗೆ ನಗು ನಿಲ್ಲುತ್ತದೆ.
ನಮಗೆ, ಸೇವೆ ಮಾಡುವವರಿಗೆ,
ಪಕ್ಕದಲ್ಲಿ ಬೇರೆ ಬಾಗಿಲಿದೆ.

ಸುರಂಗದ ಬಾಯಲ್ಲಿ ನಿಂತು
ಬಂದವರ ಕೈಯಿಂದ ಮೇಣದ ಬತ್ತಿ ತೆಗೆದುಕೊಂಡು
ಮರಳಿನ ತಟ್ಟೆಯಲ್ಲಿ ನೆಡುವುದು ನನ್ನ ಕೆಲಸ.
"ತಲೆ ಬಗ್ಗಿಸಿ. ಬಲಗೈ ಗೋಡೆಗೆ. ನಡೆಯಿರಿ."
ಇಪ್ಪತ್ತಾರು ವರ್ಷ ಇಷ್ಟೇ ಮಾತು.

ಅವರ ಬೆನ್ನು ಕತ್ತಲಲ್ಲಿ ಕರಗಿದ ಕೂಡಲೇ
ಉಫ್ ಎಂದು ಊದಿಬಿಡುತ್ತಿದ್ದೆ.
ಮುಕ್ಕಾಲು ಉಳಿದವು, ಅರ್ಧ ಉಳಿದವು,
ಯುದ್ಧದಿಂದ ಬಾರದ ಮಗನ ಹೆಸರಿನವು,
ನಿಲ್ಲದ ಬಸಿರಿನ ಹೆಸರಿನವು,
ಹೆಸರು ಹೇಳಲು ನಾಚಿ
ಬರೀ ತುಟಿಯಾಡಿಸಿ ಹಚ್ಚಿದವು.
ಎಲ್ಲ ಒಂದೇ ಗಡಿಗೆಗೆ.
ಕಾಯಿಸಿ, ಹೊಸ ನೂಲು ಅದ್ದಿ, ಎಳೆದು,
ಶನಿವಾರದ ಸಂತೆಯಲ್ಲಿ ಭಾವನ ಕೈಯಲ್ಲಿ ಮಾರಿಸುತ್ತಿದ್ದೆ.
ಅದೇ ಮೇಣ ಏಳು ಸಲ ದೇವರೆದುರು ನಿಂತದ್ದುಂಟು.
ಜೇನುಹುಳ ದೂರು ಕೊಡಲಿಲ್ಲ.
ದೇವರೂ.

ಮೊನ್ನೆ, ಕ್ರಿಸ್ತನ ಹುಟ್ಟಿನ ಹಿಂದಿನ ರಾತ್ರಿ,
ನಲವತ್ತಮೂರು ದಿನದ ಉಪವಾಸದ ಕೊನೆಯ ತುದಿ,
ಸೆಕೋಟಾದ ಕಡೆಯಿಂದ ಬರಿಗಾಲಲ್ಲಿ ನಡೆದು ಬಂದ
ಶೆವಾಯೆ ಎಂಬ ಮುದುಕಿ ಬತ್ತಿ ನೀಡಿದಳು.
ಎರಡೂ ಕಣ್ಣಿಗೆ ಹಾಲಿನಂಥ ಪೊರೆ.
ಕಾಣದವಳಿಗೆ ಕಾಯುವುದೇಕೆ ಅಂತ
ಎದುರಿಗೇ ಊದಿದೆ.

ಮುದುಕಿ ನಿಂತಳು. ಮೂಗು ಎತ್ತಿದಳು.
"ಆರಿತೇನೋ ಮಗಾ?"
"ಗಾಳಿ, ಅಮ್ಮ."
"ಹೌದೇ," ಅಂದಳು. "ಈ ಗಾಳಿ ತುಪ್ಪ ತಿಂದಿದೆ."

ಗುರುವೇ, ತಿಂದಿದ್ದೆ.
ಮಧ್ಯಾಹ್ನ, ಕದ ಹಾಕಿಕೊಂಡು.

ಕೂಗಾಡಲಿಲ್ಲ. ಯಾರನ್ನೂ ಕರೆಯಲಿಲ್ಲ.
ನನ್ನ ಮಣಿಕಟ್ಟು ಹಿಡಿದು,
"ಬಾ, ದಾಟಿಸು" ಅಂದಳು.
ದಾಟಿಸಿದ್ದು ಯಾರು ಯಾರನ್ನೋ.
ಮೂರನೇ ಹೆಜ್ಜೆಗೇ ನನ್ನ ಹಣೆ ಬಂಡೆಗೆ ಬಡಿಯಿತು,
ಅವಳದು ಬಡಿಯಲಿಲ್ಲ.
ಅವಳಿಗೆ ಅಂಗಳ, ಸುರಂಗ ಎರಡೂ ಒಂದೇ;
ನನಗೆ ಕಣ್ಣಿತ್ತು, ಅದೇ ತೊಡಕು.
ಕಣ್ಣರಳಿಸಿದೆ, ಕತ್ತಲೆ ಇನ್ನಷ್ಟು ಹತ್ತಿರ ಬಂತು.
ಊದಿದ ಬತ್ತಿಗಳೆಲ್ಲ ಅಲ್ಲೇ ಸಾಲಾಗಿ ನಿಂತು
ಹೊಗೆಯಾಡುತ್ತಿದ್ದಂತೆ ಉಸಿರು ಕಟ್ಟಿತು.

ಬಲಗೈ ಗೋಡೆಗೆ ಅಂತ ಸಾವಿರ ಸಲ ಹೇಳಿದ ನಾನು
ಆ ಗೋಡೆ ಮುಟ್ಟಿದ್ದು ಆಗಲೇ.
ಸೊಂಟದೆತ್ತರಕ್ಕೆ ಒಂದು ತಗ್ಗು,
ಮಗುವಿನ ಹಿಮ್ಮಡಿಯಷ್ಟು ನುಣುಪು.
ಕೊರೆದದ್ದಲ್ಲ. ಬರೀ ಕೈಗಳು.
ಕಾಣದೆ ನಡೆದವರು ಸವೆಸಿಟ್ಟ ದಾರಿ.
ಅದರಲ್ಲಿ ಬೆರಳಿಟ್ಟು ನಡೆದೆ, ಅಳುತ್ತ,
ಮುದುಕಿ ಕೇಳಿಸಿಕೊಳ್ಳದವಳಂತೆ ಕೆಮ್ಮಿದಳು.

ಆ ತುದಿಯಲ್ಲಿ ಮಿಂಚೇನೂ ಹೊಳೆಯಲಿಲ್ಲ.
ಬೂದಿಬಣ್ಣದ ಬೆಳಗು, ಬಿಳಿ ಹೊದಿಕೆಗಳು,
ದೂರದಲ್ಲಿ ನಗಾರಿ.
ಕೈ ಬಿಟ್ಟು, ಸದ್ದಿನ ಕಡೆ ನಡೆದುಹೋದಳು,
ಹರಸಲೂ ಇಲ್ಲ.

ಪಕ್ಕದ ಬಾಗಿಲಿತ್ತು. ನಾನು ಸುರಂಗದಲ್ಲೇ ಮರಳಿದೆ.
ತಟ್ಟೆಯಲ್ಲಿ ಎಲ್ಲ ಆರಿತ್ತು, ಕಡ್ಡಿಪೆಟ್ಟಿಗೆ ಒದ್ದೆ.
ಸಾಲಿನ ಮುಂದಿದ್ದ ಹುಡುಗಿಯ ಎದುರು
ಮುದುಕಿಯ ಬತ್ತಿ ಚಾಚಿ ಬೆಂಕಿ ಬೇಡಿದೆ.
ಕೊಟ್ಟಳು. ಅವಳದು ಕಡಿಮೆಯಾಗಲಿಲ್ಲ.

ಮನೆಯಲ್ಲಿ ಇನ್ನೂ ಎರಡು ಗಡಿಗೆ ಮೇಣ ಇದೆ, ಗುರುವೇ.
ಹಣವಾದರೆ ಲೆಕ್ಕ ಹಾಕಿ ತಿರುಗಿಸಬಹುದು.
ಇದರಲ್ಲಿ ಯಾರ ಮಗ ಎಲ್ಲಿ ಮುಗಿದು
ಯಾರ ಬಸಿರು ಎಲ್ಲಿ ಶುರುವಾಗುತ್ತದೋ
ನಾನು ಹೇಗೆ ಬೇರ್ಪಡಿಸಲಿ?